ಸ್ಟ್ರೋಕ್: ಒಂದೇ ಶಬ್ದ, ಹಲವು ಹೊಡೆತ

ಇಂಗ್ಲಿಷಿನಲ್ಲಿ ಒಂದು ಪುಟ್ಟ ಶಬ್ದವಿದೆ. ಈಜುಗಾರನಿಗೂ ಅದು ಬೇಕು, ಕ್ರಿಕೆಟ್ ಆಡುವವನಿಗೂ ಬೇಕು. ಕುಂಚ ಹಿಡಿದ ಕಲಾವಿದನಿಗೂ ಬೇಕು, ಮೋಟಾರ್ ಸೈಕಲ್ ಬಿಚ್ಚಿಟ್ಟುಕೊಂಡು ಕೂತ ಮೆಕ್ಯಾನಿಕ್ಕಿಗೂ ಬೇಕು. ಬೆಕ್ಕಿನ ಬೆನ್ನು ಸವರಿದರೂ ಅದೇ ಶಬ್ದ, ಚಾಟಿಯಿಂದ ಬಾರಿಸಿದರೂ ಅದೇ ಶಬ್ದ. ಗಡಿಯಾರ ಹನ್ನೆರಡು ಹೊಡೆದರೂ ಅದೇ, ಇದ್ದಕ್ಕಿದ್ದಂತೆ ಅದೃಷ್ಟ ಖುಲಾಯಿಸಿದರೂ ಅದೇ. ಆ ಶಬ್ದ "ಸ್ಟ್ರೋಕ್". ಇಷ್ಟೆಲ್ಲ ಅರ್ಥಗಳಿದ್ದರೂ, ಅಪರಾತ್ರಿಯಲ್ಲಿ ಊರಿನಿಂದ ಫೋನ್ ಬಂದು "ಅಪ್ಪನಿಗೆ ಸ್ಟ್ರೋಕ್ ಆಗಿದೆ" ಎಂದು ಅಣ್ಣನೋ ತಂಗಿಯೋ ಹೇಳಿದರೆ ನಮಗೆ ಹೊಳೆಯುವುದು ಒಂದೇ ಅರ್ಥ. ಕೈಕಾಲು ತಣ್ಣಗಾಗುತ್ತವೆ.

ನಾನು ವೈದ್ಯ, ಭಾಷಾಶಾಸ್ತ್ರಜ್ಞನಲ್ಲ. ಆದರೂ ಈ ಶಬ್ದದ ಬೆನ್ನು ಹತ್ತಲು ಒಂದು ಕಾರಣವಿದೆ. ಕಾಯಿಲೆಯ ಹೆಸರು ಬರೀ ಹೆಸರಲ್ಲ. ಅದನ್ನು ಕೇಳಿದ ಮನೆಯವರು ಏನು ಮಾಡುತ್ತಾರೆ, ಎಷ್ಟು ಬೇಗ ಮಾಡುತ್ತಾರೆ ಎಂಬುದನ್ನು ಎಷ್ಟೋ ಸಲ ಆ ಹೆಸರೇ ನಿರ್ಧರಿಸುತ್ತದೆ. ಸ್ಟ್ರೋಕ್ ಎಂಬ ಹೆಸರು ನೂರಾರು ವರ್ಷಗಳ ಕಾಲ ಜನರಿಗೆ ಹೇಳಿಕೊಟ್ಟದ್ದು, ಇದು ಮೇಲಿನಿಂದ ಬಿದ್ದ ಏಟು, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು. ವೈದ್ಯಶಾಸ್ತ್ರ ಆ ಮಾತನ್ನು ಸುಳ್ಳು ಮಾಡಿ ದಶಕಗಳೇ ಕಳೆದವು. ಹಳೆಯ ಅರ್ಥ ಮಾತ್ರ ನಮ್ಮ ಮನಸ್ಸಿನಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲು ಶಬ್ದದ ಮೂಲವನ್ನು ನೋಡೋಣ. ಸ್ಟ್ರೋಕ್ ಮತ್ತು ಸ್ಟ್ರೈಕ್ ಒಂದೇ ಬೇರಿನ ಎರಡು ಚಿಗುರುಗಳು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಬೇರಿಗೆ ಉಜ್ಜುವುದು, ಸವರುವುದು ಎಂಬ ಮೆದುವಾದ ಅರ್ಥವಿತ್ತು. ಕಾಲ ಕಳೆದಂತೆ ಸ್ಟ್ರೈಕ್ ಪೂರ್ತಿಯಾಗಿ ಹೊಡೆತದ ಕಡೆಗೆ ವಾಲಿತು. ಸ್ಟ್ರೋಕ್ ಮಾತ್ರ ಎರಡೂ ಮನೆಗಳ ಋಣ ಉಳಿಸಿಕೊಂಡಿತು: ನಾಮಪದವಾದರೆ ಹೆಚ್ಚಾಗಿ ಏಟು, ಕ್ರಿಯಾಪದವಾದರೆ ಹೆಚ್ಚಾಗಿ ನೇವರಿಕೆ.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ನಮ್ಮ "ತಟ್ಟು" ಎಂಬ ಮಾತನ್ನೇ ತೆಗೆದುಕೊಳ್ಳಿ. ಮಗುವನ್ನು ತಟ್ಟಿ ಮಲಗಿಸುತ್ತೇವೆ, ರೊಟ್ಟಿ ತಟ್ಟುತ್ತೇವೆ, ಗೆದ್ದವನ ಬೆನ್ನು ತಟ್ಟುತ್ತೇವೆ, ಬಾಗಿಲು ತಟ್ಟುತ್ತೇವೆ. ಕೊನೆಗೆ ಹೊಟ್ಟೆಕಿಚ್ಚಿನವರ ಶಾಪವೂ ತಟ್ಟುತ್ತದೆ! "ಹೊಡೆ" ಎಂಬುದರ ಕಥೆಯೂ ಅಷ್ಟೇ. ಸಿಕ್ಸರ್ ಹೊಡೆಯುವುದು, ಗೋಡೆಗೆ ಬಣ್ಣ ಹೊಡೆಯುವುದು, ಸೈಕಲ್ಲಿಗೆ ಗಾಳಿ ಹೊಡೆಯುವುದು, ಹರಟೆ ಹೊಡೆಯುವುದು, ಮಧ್ಯಾಹ್ನದ ಊಟವಾದ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುವುದು. ಇವುಗಳಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ. ಇಂಗ್ಲಿಷ್ ಕಲಿಯುವ ಕನ್ನಡಿಗ ಸ್ಟ್ರೋಕ್ ಕಂಡು ಗಾಬರಿಯಾದರೆ, ಕನ್ನಡ ಕಲಿಯುವ ಇಂಗ್ಲಿಷಿನವನು ಹೊಡೆ ಕಂಡು ಓಡಿಯೇ ಹೋಗಬೇಕು.

ಸ್ಟ್ರೋಕ್ ತನ್ನ ಸಂಸಾರವನ್ನು ಬೆಳೆಸಿಕೊಂಡದ್ದು ಕಸುಬುಗಳ ಮೂಲಕ. ಯುರೋಪಿನಲ್ಲಿ ಯಂತ್ರ ಗಡಿಯಾರಗಳು ಮೊದಲು ಬಂದಾಗ ಎಷ್ಟೋ ಗಡಿಯಾರಗಳಿಗೆ ಮುಖವೇ ಇರಲಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿ ಚರ್ಚಿನಲ್ಲಿರುವ, ಸುಮಾರು 1386ರದೆಂದು ಹೇಳಲಾಗುವ ಗಡಿಯಾರಕ್ಕೆ ಇವತ್ತಿಗೂ ಮುಳ್ಳುಗಳಿಲ್ಲ. ಗಂಟೆ ಬಾರಿಸುವುದೇ ಅದರ ಕೆಲಸ. ಜನ ಕಾಲವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಗಂಟೆಯ ಮೇಲೆ ಬಿದ್ದ ಒಂದೊಂದು ಏಟೂ ಒಂದು ಸ್ಟ್ರೋಕ್. ನಾವೂ "ಹತ್ತು ಗಂಟೆ ಹೊಡೆಯಿತು" ಎನ್ನುತ್ತೇವಲ್ಲ, ಹಾಗೆಯೇ. 1947ರ ಆಗಸ್ಟ್ 14ರ ರಾತ್ರಿ ಪಂಡಿತ್ ನೆಹರೂ ಸ್ವಾತಂತ್ರ್ಯದ ಭಾಷಣ ಮಾಡಿದಾಗ ಬಳಸಿದ್ದೂ ಈ ಗಡಿಯಾರದ ಸ್ಟ್ರೋಕನ್ನೇ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೋಣಿ ನಡೆಸುವವರಿಗೆ ಹುಟ್ಟಿನ ಒಂದು ಎಳೆತವೇ ಒಂದು ಸ್ಟ್ರೋಕ್. 1829ರಲ್ಲಿ ಶುರುವಾದ ಆಕ್ಸ್‌ಫರ್ಡ್-ಕೇಂಬ್ರಿಜ್ ದೋಣಿ ಪಂದ್ಯದಂಥ ಸ್ಪರ್ಧೆಗಳಲ್ಲಿ, ದೋಣಿಯ ಹಿಂಬದಿಗೆ ಅತಿ ಹತ್ತಿರ ಕೂತು ಉಳಿದವರಿಗೆ ಲಯ ಹಾಕಿಕೊಡುವ ಆಳಿಗೂ ಸ್ಟ್ರೋಕ್ ಎಂದೇ ಹೆಸರು. ಅಂದರೆ ಇಲ್ಲಿ ಶಬ್ದ ಮನುಷ್ಯನೇ ಆಗಿಬಿಟ್ಟಿದೆ. ಯಂತ್ರಯುಗ ಬಂದ ಮೇಲೆ ಸಿಲಿಂಡರಿನೊಳಗೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು ಸ್ಟ್ರೋಕ್ ಆಯಿತು. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ಫೋರ್ ಸ್ಟ್ರೋಕ್ ಎಂಜಿನ್ ಮಾಡಿದ. ಐದು ವರ್ಷಗಳ ಮೇಲೆ, 1881ರಲ್ಲಿ, ಸ್ಕಾಟ್‌ಲ್ಯಾಂಡಿನ ಡ್ಯೂಗಾಲ್ಡ್ ಕ್ಲರ್ಕ್ ಟೂ ಸ್ಟ್ರೋಕ್ ಎಂಜಿನ್ನಿಗೆ ಪೇಟೆಂಟ್ ಪಡೆದ. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳ ಸದ್ದು ಕೇಳಿಯೇ ಯಾರು ಮನೆಗೆ ಬಂದರೆಂದು ಹೇಳುತ್ತಿದ್ದವರು ನಮ್ಮ ಕೂಟದಲ್ಲೇ ಇದ್ದಾರೆ.

ಇನ್ನು ಕ್ರಿಕೆಟ್. ಭದ್ರಾವತಿಯ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲೇ 137 ರನ್ ಮಾಡಿದಾಗ, ಆ ಪುಟ್ಟ ಆಳಿನ ಸ್ಟ್ರೋಕುಗಳನ್ನು ರೇಡಿಯೋದಲ್ಲಿ ಕೇಳಿಯೇ ಜನ ಕಣ್ತುಂಬಿಕೊಂಡರು. ಮಣಿಕಟ್ಟು ತಿರುಗಿಸಿ ಹೊಡೆದ ಸ್ಕ್ವೇರ್ ಕಟ್ ಹೊಡೆತವೂ ಹೌದು, ನೇವರಿಕೆಯೂ ಹೌದು. ಶಬ್ದದ ಎರಡು ಹಳೆಯ ಅರ್ಥಗಳೂ ಅಲ್ಲಿ ಒಂದಾಗಿದ್ದವು.

ವೈದ್ಯರಾದ ನಮಗೂ ಇದೇ ಶಬ್ದ ಎರಡು ಬಗೆಯಲ್ಲಿ ಬಂದಿದೆ. ಹೃದಯ ಒಂದು ಸಲ ಹಿಂಡಿದಾಗ ಹೊರದೂಡುವ ರಕ್ತದ ಪ್ರಮಾಣಕ್ಕೆ ಸ್ಟ್ರೋಕ್ ವಾಲ್ಯೂಮ್ ಎನ್ನುತ್ತೇವೆ. ಆರೋಗ್ಯವಂತ ವಯಸ್ಕರಲ್ಲಿ ಅದು ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 70 ಬಡಿತವೆಂದರೆ ಹತ್ತಿರ ಹತ್ತಿರ 5 ಲೀಟರ್. ಇದು ಪಿಸ್ಟನ್ನಿನಿಂದ ಬಂದ ಅರ್ಥ. ಜೀವ ನಡೆಯುವುದೇ ಈ ಸ್ಟ್ರೋಕಿನಿಂದ. ಜೀವಕ್ಕೆ ಕುತ್ತು ತರುವ ಇನ್ನೊಂದು ಸ್ಟ್ರೋಕ್ ಬಂದದ್ದು ಬೇರೆ ದಾರಿಯಲ್ಲಿ.

ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋದರೆ, ಅಥವಾ ಅಲ್ಲಿ ರಕ್ತನಾಳ ಒಡೆದರೆ, ಆ ಭಾಗ ನಡೆಸುತ್ತಿದ್ದ ಕೆಲಸ ತಟ್ಟನೆ ನಿಲ್ಲುತ್ತದೆ. ಮಾತಾಡುತ್ತಿದ್ದವರ ಮಾತು ತೊದಲುತ್ತದೆ, ಲೋಟ ಹಿಡಿದ ಕೈ ಸೋಲುತ್ತದೆ. ಇದನ್ನು ನೋಡಿದ ಪ್ರಾಚೀನರಿಗೆ ಕಣ್ಣಿಗೆ ಕಾಣದ ಯಾರೋ ಹೊಡೆದು ಕೆಡವಿದಂತೆ ಕಂಡಿತು. ಗ್ರೀಕರು ಇದಕ್ಕೆ ಇಟ್ಟ ಹೆಸರು ಅಪೊಪ್ಲೆಕ್ಸಿ, ಅಂದರೆ ಹೊಡೆದು ಕೆಡವುವುದು. ಗ್ರೀಕಿನ "ಪ್ಲೀಜ್" ಎಂದರೆ ಏಟು. ಅರ್ಧ ಮೈ ಸ್ವಾಧೀನ ತಪ್ಪುವುದಕ್ಕೆ ನಾವು ಹೇಳುವ ಹೆಮಿಪ್ಲೀಜಿಯಾದಲ್ಲಿ ಇರುವುದೂ ಆ ಏಟೇ. ಪ್ಲೇಗ್ ಕೂಡ ಅದೇ ವಂಶದ ಲ್ಯಾಟಿನ್ ಶಬ್ದದಿಂದ ಬಂದದ್ದು. ಜರ್ಮನರು ಹೇಳುವ "ಶ್ಲಾಗ್" ಎಂದರೂ ಹೊಡೆತವೇ. ಆಯುರ್ವೇದದ ಹೆಸರು ಪಕ್ಷಾಘಾತ: ಪಕ್ಷ ಎಂದರೆ ಮೈಯ ಒಂದು ಪಕ್ಕ, ಆಘಾತ ಎಂದರೆ ಹೊಡೆತ. ಯಾರು ಯಾರಿಂದ ಕಲಿತರೆಂದು ಕೇಳುವ ಅಗತ್ಯವಿಲ್ಲ. ಎಲ್ಲರೂ ಕಣ್ಣಾರೆ ಕಂಡದ್ದು ಒಂದೇ ದೃಶ್ಯ.

ನಾವು ಆಡುಮಾತಿನಲ್ಲಿ ಬಳಸುವ ಲಕ್ವ ಅರಬ್ಬಿಯಿಂದ ಬಂದ ಶಬ್ದ. ಅಲ್ಲಿ ಅದರ ಮೂಲ ಅರ್ಥ ಮುಖ ಸೊಟ್ಟಗಾಗುವ ಕಾಯಿಲೆ. ಪಾರ್ಶ್ವವಾಯು ಎಂಬ ಹೆಸರಿನಲ್ಲಿ ಹೊಡೆತವಿಲ್ಲ, ವಾತದೋಷವಿದೆ. ಆದರೆ ಹೆಸರಿನಲ್ಲಿ ಇಲ್ಲದ ಹೊಡೆತವನ್ನು ನಾವು ಕ್ರಿಯಾಪದದಲ್ಲಿ ಸೇರಿಸಿಕೊಂಡೆವು: "ಲಕ್ವ ಹೊಡೆಯಿತು", "ಪಾರ್ಶ್ವವಾಯು ಬಡಿಯಿತು". ಜ್ವರ ಬರುತ್ತದೆ, ಕೆಮ್ಮು ಹತ್ತುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ. ಹೊಡೆಯುವುದು ಲಕ್ವ ಮತ್ತು ಸಿಡಿಲು ಮಾತ್ರ!

ಇಂಗ್ಲೆಂಡಿನಲ್ಲಿ ಹೊಡೆಯುವವನು ಯಾರೆಂಬುದರಲ್ಲೂ ಸಂದೇಹವಿರಲಿಲ್ಲ. 16ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಇದನ್ನು ದೇವರ ಕೈಯ ಏಟು ಎಂದು ಕರೆಯುತ್ತಿದ್ದರು. ಮುಂದೆ ದೇವರೂ ಕೈಯೂ ಬಿಟ್ಟುಹೋಗಿ ಬರೀ ಸ್ಟ್ರೋಕ್ ಉಳಿಯಿತು. 1689ರಲ್ಲಿ ವಿಲಿಯಂ ಕೋಲ್ ಎಂಬ ವೈದ್ಯ ಅಪೊಪ್ಲೆಕ್ಸಿ ಕುರಿತು ಬರೆದ ಪುಸ್ತಕದ ಹೊತ್ತಿಗೆ ಆ ಶಬ್ದ ವೈದ್ಯರ ಬರವಣಿಗೆಗೂ ಬಂದಿತ್ತು.

ಅದೇ ಶತಮಾನದಲ್ಲಿ ಶಬ್ದದ ಇನ್ನೊಂದು ಅರ್ಥವೂ ವೈದ್ಯದೊಳಗೆ ಬರಲು ನೋಡಿದ್ದು ಒಂದು ಸ್ವಾರಸ್ಯ. ವ್ಯಾಲೆಂಟೈನ್ ಗ್ರೇಟ್‌ರೇಕ್ಸ್ ಎಂಬ ಐರ್ಲೆಂಡಿನ ಜಮೀನುದಾರ ತನ್ನ ಕೈ ಸವರಿ ರೋಗ ವಾಸಿಮಾಡುತ್ತೇನೆಂದು 1660ರ ದಶಕದಲ್ಲಿ ಹೆಸರು ಮಾಡಿದ. ಜನ ಅವನನ್ನು "ಸ್ಟ್ರೋಕರ್" ಎಂದು ಕರೆದರು, ನೇವರಿಸುವವನು ಎಂಬ ಅರ್ಥದಲ್ಲಿ. 1666ರಲ್ಲಿ ತತ್ತ್ವಜ್ಞಾನಿ ಆ್ಯನ್ ಕಾನ್ವೇ ಅವರ ತೀವ್ರ ತಲೆನೋವನ್ನು ವಾಸಿಮಾಡಲು ಅವನನ್ನು ಇಂಗ್ಲೆಂಡಿಗೆ ಕರೆಸಲಾಯಿತು. ತಲೆನೋವು ಹೋಗಲಿಲ್ಲ. ಆದರೂ ಸಾವಿರಾರು ಜನ ಅವನ ಹಿಂದೆ ಬಿದ್ದರು, ದೊರೆ ಎರಡನೇ ಚಾರ್ಲ್ಸ್ ಅರಮನೆಗೆ ಕರೆಸಿಕೊಂಡ, ವಿಜ್ಞಾನಿ ರಾಬರ್ಟ್ ಬಾಯ್ಲ್ ಖುದ್ದಾಗಿ ನಿಂತು ಅವನ ಚಿಕಿತ್ಸೆಯನ್ನು ಗಮನಿಸಿದ. ಒಂದೇ ಕಾಲದಲ್ಲಿ, ಒಂದೇ ಶಬ್ದದಲ್ಲಿ, ದೇವರ ಏಟು ಒಂದು ಕಡೆ, ಪವಾಡದ ನೇವರಿಕೆ ಇನ್ನೊಂದು ಕಡೆ. ನಡುವೆ ಬಡ ವೈದ್ಯನಿಗೆ ಮಾಡಲು ಏನೂ ಉಳಿದಿರಲಿಲ್ಲ.

ಇದರ ಪರಿಣಾಮ ತಮಾಷೆಯದಲ್ಲ. ಬಲವಾದ ಅಪೊಪ್ಲೆಕ್ಸಿಗೆ ಮದ್ದಿಲ್ಲ ಎಂಬ ತೀರ್ಪನ್ನು ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದ ಸೂತ್ರಗಳೇ ಕೊಟ್ಟಿದ್ದವು. ಮೇಲಿನವನೇ ಹೊಡೆದ ಮೇಲೆ ಅವಸರ ಮಾಡಿ ಏನು ಪ್ರಯೋಜನ? ಕಾದು ನೋಡುವುದು, ಹರಕೆ ಹೊರುವುದು, ಇಷ್ಟೇ ದಾರಿ. ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವುದು, ಲಕ್ವ ಹೊಡೆದವರ ಮೈಗೆ ಪಾರಿವಾಳದ ರಕ್ತ ಹಚ್ಚುವುದು, ಇವೆಲ್ಲ ಅದೇ ಅಸಹಾಯಕತೆಯ ಮಕ್ಕಳು. ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಮ್ಮ ಆಸ್ಪತ್ರೆಗಳ ಕೇಸ್ ಶೀಟುಗಳಲ್ಲಿ ಬಹುಕಾಲ ನಾವು ಬರೆಯುತ್ತಿದ್ದದ್ದು "ಸಿ.ವಿ.ಎ." ಎಂದು. ಅದರ ಕೊನೆಯ ಅಕ್ಷರದ ಅರ್ಥ ಆ್ಯಕ್ಸಿಡೆಂಟ್. ದೇವರನ್ನು ತೆಗೆದು ಆಕಸ್ಮಿಕವನ್ನು ಕೂರಿಸಿದೆವು, ಅಷ್ಟೇ.

ಆದರೆ ಏಟು ಹೊರಗಿನಿಂದ ಬಂದದ್ದಲ್ಲವೆಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. ಸ್ವಿಟ್ಜರ್‌ಲ್ಯಾಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಅಪೊಪ್ಲೆಕ್ಸಿಯಿಂದ ಸತ್ತವರ ತಲೆಯನ್ನು ತೆರೆದು ನೋಡಿದ. ಮಿದುಳಿನಲ್ಲಿ ರಕ್ತ ಸುರಿದಿದ್ದುದನ್ನು ಕಂಡು 1658ರಲ್ಲಿ ಪ್ರಕಟಿಸಿದ. ಮಿದುಳಿಗೆ ರಕ್ತ ತಲುಪದಂತೆ ನಾಳ ಕಟ್ಟಿಕೊಂಡರೂ ಇದೇ ಆಗಬಹುದೆಂದು ಊಹಿಸಿದ. 1664ರಲ್ಲಿ ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ ಮಿದುಳಿನ ತಳದಲ್ಲಿ ರಕ್ತನಾಳಗಳು ಉಂಗುರದಂತೆ ಕೂಡಿಕೊಂಡಿರುವುದನ್ನು ವಿವರಿಸಿದ. ಒಂದು ನಾಳ ಪೂರ್ತಿ ಮುಚ್ಚಿದ್ದರೂ ಇನ್ನೊಂದರಿಂದ ರಕ್ತ ಹರಿದು ಮನುಷ್ಯ ಚೆನ್ನಾಗಿಯೇ ಇದ್ದ ಉದಾಹರಣೆಯನ್ನೂ ಕೊಟ್ಟ. ಸ್ಟ್ರೋಕ್ ಎನ್ನುವುದು ದೇವರ ಕೋಪವಲ್ಲ, ಕೊಳಾಯಿಯ ತೊಂದರೆ ಎಂದು ಇಬ್ಬರೂ ತೋರಿಸಿಕೊಟ್ಟರು. ಜನರ ಮಾತಿನಲ್ಲಿ ಮಾತ್ರ ಏಟು ಏಟಾಗಿಯೇ ಉಳಿಯಿತು.

ಆ ಮಾತಿನ ಶಕ್ತಿ ಎಷ್ಟೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸಾವೇ ಸಾಕ್ಷಿ. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಅವರು ತಮ್ಮ ಚಿತ್ರ ಬರೆಸಿಕೊಳ್ಳುತ್ತ ಕೂತಿದ್ದರು. ತಲೆ ಸಿಡಿಯುತ್ತಿದೆ ಎಂದವರೇ ಕುಸಿದರು. ಕೆಲವೇ ಗಂಟೆಗಳಲ್ಲಿ ಹೋದರು. ಎಲಿಜಬೆತ್ ಶೂಮಟಾಫ್ ಬರೆಯುತ್ತಿದ್ದ ಆ ಚಿತ್ರ ಅರ್ಧಕ್ಕೇ ನಿಂತಿತು. ಇದು ಯಾರೂ ನಿರೀಕ್ಷಿಸದೆ ಬಂದೆರಗಿದ ಆಘಾತವೆಂದೇ ಅವರ ಅಧಿಕೃತ ವೈದ್ಯರು ಪತ್ರಕರ್ತರಿಗೆ ಹೇಳಿದರು.

ನಿಜವಾಗಿ ಏನಾಗಿತ್ತು? ಅವರ ರಕ್ತದೊತ್ತಡ 1935ರಲ್ಲಿ 136/78 ಇತ್ತು. 1937ರಲ್ಲಿ 162/98. 1941ರಲ್ಲಿ 188/105. ಕುಸಿದ ದಿನ 300/190. 1944ರ ಮಾರ್ಚಿನಿಂದ ಅವರನ್ನು ನೋಡಿಕೊಂಡ ಹೃದಯತಜ್ಞ ಹೋವರ್ಡ್ ಬ್ರೂನ್ 1970ರಲ್ಲಿ ಇದರ ವಿವರಗಳನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಡೆತ ಬಿದ್ದದ್ದು ಒಂದು ಮಧ್ಯಾಹ್ನವಾದರೂ ಕೈ ಎತ್ತಿದ್ದು ಎಂಟು ವರ್ಷಗಳ ಹಿಂದೆಯೇ. ಬ್ರೂನ್ ಉಪ್ಪು ಕಡಿಮೆ ಮಾಡಿಸಿದರು, ಸಿಗರೇಟು ಕಡಿಮೆ ಮಾಡಿಸಿದರು, ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಆದರೆ ರಕ್ತದೊತ್ತಡವನ್ನು ಸರಿಯಾಗಿ ಇಳಿಸುವ ಮಾತ್ರೆ ಆ ಕಾಲದಲ್ಲಿ ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿಗೂ ಸಿಗುವಂತಿರಲಿಲ್ಲ. ಇಂದು ನಮ್ಮ ತಾಲ್ಲೂಕಿನ ಔಷಧ ಅಂಗಡಿಯಲ್ಲಿ ಅದು ಸಿಗುತ್ತದೆ.

ಆ ಮಾತ್ರೆಯ ಕಥೆಯಲ್ಲಿ ಭಾರತದ ಪಾಲೂ ಇದೆ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂಬುದನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಮುಂದೆ ಎಡ್ವರ್ಡ್ ಫ್ರೈಸ್ ಅವರ ಮುಂದಾಳುತನದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ, 1967 ಮತ್ತು 1970ರ ವರದಿಗಳಲ್ಲಿ, ರಕ್ತದೊತ್ತಡ ಇಳಿಸಿದರೆ ಸ್ಟ್ರೋಕ್ ಕಡಿಮೆಯಾಗುತ್ತದೆಂದು ಖಚಿತವಾಗಿ ತೋರಿಸಿತು. ಆ ಪ್ರಯೋಗದಲ್ಲಿ ಬಳಸಿದ ಮೂರು ಔಷಧಗಳಲ್ಲಿ ಒಂದು ರೆಸರ್ಪಿನ್. ದೇವರ ಏಟನ್ನು ತಪ್ಪಿಸಿಕೊಳ್ಳಬಹುದು ಎಂದು ಸಾಬೀತಾದದ್ದು ಹೀಗೆ, ಸ್ವಲ್ಪಮಟ್ಟಿಗೆ ನಮ್ಮ ಕಾಡಿನ ಒಂದು ಬೇರಿನಿಂದ.

ತಪ್ಪಿಸಿಕೊಳ್ಳುವುದಾಯಿತು, ಬಿದ್ದ ಮೇಲೆ? 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ನಾಳ ಒಡೆದಿದೆಯೋ ಕಟ್ಟಿಕೊಂಡಿದೆಯೋ ಎಂಬುದನ್ನು ತಲೆ ತೆರೆಯದೆ ತಿಳಿಯುವುದು ಅದರಿಂದ ಸಾಧ್ಯವಾಯಿತು. 1995ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಯೋಗವೊಂದರ ಫಲಿತಾಂಶ ಬಂತು: ನಾಳ ಕಟ್ಟಿಕೊಂಡ ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಟಿ.ಪಿ.ಎ. ಔಷಧ ಕೊಟ್ಟರೆ, ಮೂರು ತಿಂಗಳ ನಂತರ ಹೆಚ್ಚೇನೂ ಕುಂದಿಲ್ಲದೆ ಓಡಾಡುವವರ ಪ್ರಮಾಣ ಕಡಿಮೆಯೆಂದರೂ ಶೇಕಡ 30ರಷ್ಟು ಹೆಚ್ಚುತ್ತದೆ. 1996ರ ಜೂನ್‌ನಲ್ಲಿ ಇಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2008ರಲ್ಲಿ ಯುರೋಪಿನ ಅಧ್ಯಯನವೊಂದು ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. 2015ರ ನಂತರ ತೊಡೆಯ ನಾಳದಿಂದ ತೆಳ್ಳನೆ ಕೊಳವೆ ತೂರಿಸಿ ಮಿದುಳಿನ ಹೆಪ್ಪನ್ನೇ ಎಳೆದು ತೆಗೆಯುವುದು ರೂಢಿಗೆ ಬಂತು. ಆಯ್ದ ಕೆಲವರಲ್ಲಿ 24 ಗಂಟೆಯವರೆಗೂ ಅದು ಫಲ ಕೊಡುತ್ತದೆಂದು 2018ರಲ್ಲಿ ತಿಳಿಯಿತು.

ಅವಧಿ ಹಿಗ್ಗಿತೆಂದು ನಿಧಾನ ಮಾಡುವಂತಿಲ್ಲ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ಎರಡು ಸಾವಿರ ವರ್ಷ "ಕಾದು ನೋಡೋಣ" ಎಂದು ಹೇಳಿಕೊಟ್ಟ ಹೆಸರು ಈಗ "ಓಡಿ ಬನ್ನಿ" ಎಂದು ಹೇಳಬೇಕಾಗಿದೆ. ಅದಕ್ಕಾಗಿಯೇ 1990ರ ದಶಕದಲ್ಲಿ ಇಲ್ಲಿನ ವೈದ್ಯರು ಹೆಸರನ್ನೇ ಬದಲಿಸಲು ನೋಡಿದರು. ಹಾರ್ಟ್ ಅಟ್ಯಾಕ್ ಎಂದರೆ ಜನ ಓಡುತ್ತಾರೆ, ಆದ್ದರಿಂದ ಇದನ್ನು ಬ್ರೇನ್ ಅಟ್ಯಾಕ್ ಎನ್ನೋಣ ಎಂದರು. ಆ ಹೆಸರು ಪೋಸ್ಟರುಗಳ ಮೇಲೆ ಉಳಿಯಿತು, ಜನರ ಬಾಯಿಗೆ ಅಷ್ಟಾಗಿ ಹತ್ತಲಿಲ್ಲ. ಹಳೆಯ ಶಬ್ದಗಳು ಸುಲಭಕ್ಕೆ ಜಾಗ ಬಿಡುವುದಿಲ್ಲ.

ನಮ್ಮವರಲ್ಲಿ ಇನ್ನೊಂದು ತೊಡಕಿದೆ. ಕರ್ನಾಟಕದಲ್ಲಿ ಎಷ್ಟೋ ಜನ "ಹಾರ್ಟ್ ಸ್ಟ್ರೋಕ್" ಎನ್ನುತ್ತಾರೆ. ಅವರು ಹೇಳುತ್ತಿರುವುದು ಹೃದಯಾಘಾತವನ್ನು. ಬಿಸಿಲಿನಲ್ಲಿ ಬಿದ್ದವರಿಗೆ ಸನ್ ಸ್ಟ್ರೋಕ್ ಎನ್ನುತ್ತಾರೆ. ಅದು ಮೈಯ ಉಷ್ಣ ಏರಿದ್ದರಿಂದ ಆಗುವ ಬೇರೆಯೇ ತೊಂದರೆ. ಹೀಗಾಗಿ ಊರಿನಿಂದ ಫೋನಿನಲ್ಲಿ ಸ್ಟ್ರೋಕ್ ಎಂದರೆ, ಯಾವ ಸ್ಟ್ರೋಕ್ ಎಂದು ಕೇಳಲೇಬೇಕು. ಎದೆನೋವೋ, ಕೈಕಾಲು ಬಿದ್ದಿದೆಯೋ, ಮಾತು ನಿಂತಿದೆಯೋ? ಮೂರೂ ತುರ್ತು, ಆದರೆ ಹೋಗಬೇಕಾದ ಆಸ್ಪತ್ರೆ ಬೇರೆಯಾಗಬಹುದು.

ಇದಕ್ಕಿಂತ ಅಪಾಯಕಾರಿಯಾದದ್ದು "ಮೈಲ್ಡ್ ಸ್ಟ್ರೋಕ್". "ಹತ್ತು ನಿಮಿಷ ಕೈ ಜೋಮು ಹಿಡಿದಿತ್ತು, ಆಮೇಲೆ ಸರಿಹೋಯಿತು, ಕಾಫಿ ಕುಡಿದು ಮಲಗಿದ್ದಾರೆ, ಬೆಳಿಗ್ಗೆ ನೋಡೋಣ." ಹೊಡೆತವೆಂಬ ಅರ್ಥದಲ್ಲಿ ಯೋಚಿಸಿದರೆ ಇದು ಸರಿಯೇ: ಏಟು ಮೆಲ್ಲಗೆ ಬಿತ್ತು, ಬಚಾವಾದರು. ಕಾಯಿಲೆಯ ಅರ್ಥದಲ್ಲಿ ಇದು ಪೂರ್ತಿ ತಪ್ಪು. 2000ದಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ, ಹೀಗೆ ಬಂದು ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ 90 ದಿನಗಳೊಳಗೆ ನಿಜವಾದ ಸ್ಟ್ರೋಕ್ ಆಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಆದದ್ದು ಮೊದಲ ಎರಡೇ ದಿನಗಳಲ್ಲಿ. ಮೈಲ್ಡ್ ಎಂದರೆ ಸೌಮ್ಯವಲ್ಲ, ಮುನ್ಸೂಚನೆ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಗುರುತಿಸುವುದು ಹೇಗೆ? ಬ್ರಿಟನ್ನಿನಲ್ಲಿ 1998ರ ಸುಮಾರಿಗೆ ರೂಪುಗೊಂಡ ಸುಲಭ ಪಾಠವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಮುಖ, ಕೈ, ಮಾತು, ಹೊತ್ತು. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯೇ? ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗಿಳಿಯುತ್ತಿದೆಯೇ? ಒಂದು ವಾಕ್ಯ ಹೇಳಿಸಿ, ತೊದಲುತ್ತಿದೆಯೇ? ಮೂರರಲ್ಲಿ ಒಂದಾದರೂ ಹೊಸದಾಗಿ ಕಂಡರೆ ಹೊತ್ತು ಕಳೆಯಬೇಡಿ.

ಈ ಮಾತಿನ ಪರೀಕ್ಷೆಯಲ್ಲಿ ನಮ್ಮಂಥ ಕುಟುಂಬಗಳಿಗೆ ಒಂದು ವಿಶೇಷವಿದೆ. ಎರಡು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದಾಗ ಎರಡೂ ಭಾಷೆಗಳು ಒಂದೇ ಸಮನಾಗಿ ಹೋಗಬೇಕೆಂದಿಲ್ಲ, ಒಂದೇ ಸಮನಾಗಿ ಬರಬೇಕೆಂದೂ ಇಲ್ಲ. ಮೊದಲು ಕಲಿತ ಭಾಷೆ ಉಳಿಯುತ್ತದೆಂದು 1881ರಲ್ಲಿ ಫ್ರಾನ್ಸಿನ ರಿಬೊ ಹೇಳಿದ. ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆಂದು 1895ರಲ್ಲಿ ಪಿಟ್ರ್ ಹೇಳಿದ. ಎರಡೂ ಬಗೆಯ ರೋಗಿಗಳು ಕಾಣಸಿಗುತ್ತಾರೆ. ನಲವತ್ತು ವರ್ಷ ಇಲ್ಲಿ ಇಂಗ್ಲಿಷಿನಲ್ಲಿ ಕಚೇರಿ ನಡೆಸಿದವರು ಕಣ್ಣು ಬಿಟ್ಟು ಕನ್ನಡದಲ್ಲಷ್ಟೇ ನೀರು ಕೇಳಬಹುದು. ಕನ್ನಡ ಬಾರದ ನರ್ಸಿಗೆ ಅದು ಅರ್ಥವಿಲ್ಲದ ತೊದಲಾಗಿ ಕೇಳಿಸಬಹುದು. ಇಂಗ್ಲಿಷೇ ಬಾರದ ಅಜ್ಜಿ ಮಕ್ಕಳ ಮನೆಗೆ ಬಂದಾಗ ಹೀಗಾದರೆ, ಮಾತು ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಕನ್ನಡ ಬಲ್ಲ ಮೊಮ್ಮಕ್ಕಳೇ. ಮಕ್ಕಳಿಗೆ ಕನ್ನಡ ಏಕೆ ಕಲಿಸಬೇಕೆಂದು ನಮ್ಮ ಸಭೆಗಳಲ್ಲಿ ಬಹಳ ಚರ್ಚೆಯಾಗಿದೆ. ಅದಕ್ಕೆ ಈ ಒಂದು ಕಾರಣವನ್ನೂ ಸೇರಿಸಿಕೊಳ್ಳಿ.

ಸ್ಟ್ರೋಕ್ ಆದ ಮೇಲೆ ಬದುಕು ಮುಗಿಯಿತೆಂಬುದೂ ಆ ಹಳೆಯ ಅರ್ಥದ ಬಾಲವೇ. ಲೂಯಿ ಪಾಶ್ಚರನಿಗೆ 1868ರಲ್ಲಿ, 45ನೇ ವಯಸ್ಸಿನಲ್ಲಿ, ಸ್ಟ್ರೋಕ್ ಆಗಿ ಎಡಭಾಗ ಸೋತಿತು. ಕುಂದು ಪೂರ್ತಿ ಹೋಗಲಿಲ್ಲ. ಆದರೆ ಹುಚ್ಚುನಾಯಿ ಕಡಿತಕ್ಕೆ ಅವನು ಲಸಿಕೆ ಕೊಟ್ಟದ್ದು 1885ರಲ್ಲಿ, ಸ್ಟ್ರೋಕ್ ಆದ 17 ವರ್ಷಗಳ ನಂತರ.

ವರ್ಗೀಕರಣದ ಪುಸ್ತಕಗಳೂ ಈಗ ತಿದ್ದುಪಡಿಯಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಬಹುಕಾಲ ಸ್ಟ್ರೋಕ್ ರಕ್ತಪರಿಚಲನೆಯ ಕಾಯಿಲೆಗಳ ಸಾಲಿನಲ್ಲಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಅದು ನರಮಂಡಲದ ಕಾಯಿಲೆಗಳ ಅಧ್ಯಾಯಕ್ಕೆ ಬಂದಿದೆ. ತಿದ್ದಬೇಕಾದ ಇನ್ನೊಂದು ಪಟ್ಟಿ ನಮ್ಮ ತಲೆಯಲ್ಲಿದೆ. ಸ್ಟ್ರೋಕ್ ಎಂದಾಗ ಇನ್ನು ಮುಂದೆ ದೇವರ ಏಟು ನೆನಪಾಗುವುದು ಬೇಡ, ಗಡಿಯಾರದ ಏಟು ನೆನಪಾಗಲಿ.

ಆದ್ದರಿಂದ ಬಂಧುಗಳೇ, ಮೂರು ವಿನಂತಿ. ಒಂದು, ಮನೆಯ ಹಿರಿಯರ ರಕ್ತದೊತ್ತಡವನ್ನು ಅಳೆಸಿ, ಕೊಟ್ಟ ಮಾತ್ರೆಯನ್ನು "ಈಗ ಸರಿಹೋಗಿದೆ" ಎಂದು ನಿಲ್ಲಿಸದಂತೆ ನೋಡಿಕೊಳ್ಳಿ. ಎರಡು, ಲಕ್ಷಣ ಕಂಡ ಕೂಡಲೇ ಇಲ್ಲಿ 911ಕ್ಕೆ, ಕರ್ನಾಟಕದಲ್ಲಿ 108ಕ್ಕೆ ಫೋನ್ ಮಾಡಿ. ನೀರು, ಊಟ, ಆ್ಯಸ್ಪಿರಿನ್ ಏನನ್ನೂ ಬಾಯಿಗೆ ಹಾಕಬೇಡಿ. ನಾಳ ಒಡೆದಿದ್ದರೆ ಆ್ಯಸ್ಪಿರಿನ್ ಕೆಡುಕು ಮಾಡುತ್ತದೆ, ನುಂಗಲಾಗದಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು, ಅವರು ಕೊನೆಯ ಬಾರಿ ಚೆನ್ನಾಗಿದ್ದುದನ್ನು ಯಾರು, ಎಷ್ಟು ಗಂಟೆಗೆ ನೋಡಿದರೆಂದು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ. ಮುಂದಿನ ವಾರ ಊರಿಗೆ ಫೋನ್ ಮಾಡಿದಾಗ ಮಳೆ, ಬೆಳೆ, ಮದುವೆಯ ಸುದ್ದಿಗಳ ನಡುವೆ ಈ ಮೂರನ್ನೂ ಕನ್ನಡದಲ್ಲಿ ಒಮ್ಮೆ ಹೇಳಿಬಿಡಿ.